ಆತ್ಮ: ತೇರಿನಲ್ಲಿ ಕೂತವರು ಯಾರು?

ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗುವ ದಾರಿಯಲ್ಲಿ ಒಂದು ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಿದ್ದರು. ‘ಮೃತರ ಆತ್ಮಕ್ಕೆ ಚಿರಶಾಂತಿ ಸಿಗಲಿ’ ಅಂತ ಕೆಳಗೆ ಬರೆದಿತ್ತು. ಐದನೇ ಕ್ಲಾಸು ಓದುವ ಅಣ್ಣನ ಮಗಳು ಅದನ್ನು ನಿಂತು ಓದಿದಳು. ‘ಕಾಕಾ, ಆತ್ಮ ಅಂದ್ರ ದೆವ್ವ ಹೌದಲ್ಲೋ?’ ಅಂದಳು.

ಅವಳ ತಪ್ಪೇನಿಲ್ಲ. ಸಿನಿಮಾದಲ್ಲಿ ಆತ್ಮ ಅಂದರೆ ದೆವ್ವವೇ. ಚರ್ಚಿನಲ್ಲಿ ಪವಿತ್ರಾತ್ಮ. ಶಾಲೆಯ ಪುಸ್ತಕದಲ್ಲಿ ಆತ್ಮಕಥೆ, ಆತ್ಮವಿಶ್ವಾಸ. ವೇದಾಂತದ ಪ್ರವಚನದಲ್ಲಿ ಹುಟ್ಟು ಸಾವಿಲ್ಲದ ವಸ್ತು. ಇಷ್ಟೂ ಅರ್ಥಕ್ಕೆ ನಮ್ಮ ಹತ್ತಿರ ಇರುವುದು ಒಂದೇ ಪದ.

ಸಂಸ್ಕೃತದಲ್ಲಿ ‘ಆತ್ಮನ್’ ಅಂದರೆ ಸರಳವಾಗಿ ‘ತಾನು’. ಆತ್ಮಕಥೆ ಅಂದರೆ ತನ್ನ ಕಥೆ, ಅಷ್ಟೇ. ಅದಕ್ಕಿಂತ ಹಳೆಯ ಅರ್ಥ ಉಸಿರು. ಜರ್ಮನ್ ಭಾಷೆಯಲ್ಲಿ ಉಸಿರಿಗೆ ಇರುವ ‘ಆಟೆಮ್’ ಇದೇ ಪದದ ಬಂಧು. ಗ್ರೀಕರ ‘ಪ್ಸೂಖೆ’, ಲ್ಯಾಟಿನ್ನಿನ ‘ಆನಿಮಾ’ ಕೂಡ ಉಸಿರಿನಿಂದಲೇ ಬೆಳೆದ ಪದಗಳು. ಸತ್ತವರ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತೇವಲ್ಲ, ಎಲ್ಲ ಕಡೆ ಯೋಚನೆ ಅಲ್ಲಿಂದಲೇ ಶುರುವಾಗಿರಬೇಕು ಅಂತ ನನಗೆ ಅನ್ನಿಸುತ್ತದೆ.

ಆಮೇಲೆ ದಾರಿಗಳು ಬೇರೆಯಾದವು. ಹೇಗೆ ಬೇರೆಯಾದವು ಅನ್ನುವುದಕ್ಕೆ ತೇರಿಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಕಠೋಪನಿಷತ್ತಿನಲ್ಲಿ ಒಂದು ರಥ ಬರುತ್ತದೆ. ದೇಹವೇ ರಥ. ಇಂದ್ರಿಯಗಳು ಕುದುರೆ. ಮನಸ್ಸು ಲಗಾಮು. ಬುದ್ಧಿ ಸಾರಥಿ. ಆತ್ಮ ಯಾರು? ಹಿಂದೆ ಕೂತ ರಥಿಕ. ಗ್ರೀಸಿನಲ್ಲಿ ಪ್ಲೇಟೋ ಕೂಡ ಒಂದು ರಥದ ಚಿತ್ರ ಕೊಟ್ಟ. ಒಂದು ಒಳ್ಳೆಯ ಕುದುರೆ, ಒಂದು ತುಂಟ ಕುದುರೆ, ನಡುವೆ ಹೆಣಗುವ ಸಾರಥಿ. ಆದರೆ ಅವನ ರಥದಲ್ಲಿ ಹಿಂದೆ ಕೂತವರು ಯಾರೂ ಇಲ್ಲ! ಆ ಕುದುರೆ, ಆ ಸಾರಥಿ, ಎಲ್ಲ ಸೇರಿಯೇ ಆತ್ಮ.

ಈ ವ್ಯತ್ಯಾಸ ಸಣ್ಣದಲ್ಲ. ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್ 1641ರಲ್ಲಿ ಬರೆದಾಗ ಯೋಚಿಸುವುದು, ಅನುಮಾನಪಡುವುದು, ಬಯಸುವುದು ಎಲ್ಲವನ್ನೂ ಆತ್ಮದ ಕಡೆಗೆ ಹಾಕಿದ. ಜಡವಾದದ್ದು ದೇಹ ಮಾತ್ರ. ನಮ್ಮ ಹಳೆಯ ದರ್ಶನಗಳಲ್ಲಿ ಒಂದಾದ ಸಾಂಖ್ಯದವರು ಗೆರೆಯನ್ನು ಬೇರೆ ಜಾಗದಲ್ಲಿ ಎಳೆದರು. ಮನಸ್ಸು, ಅಹಂಕಾರ, ಬುದ್ಧಿ ಕೂಡ ಪ್ರಕೃತಿಯೇ, ಜಡವೇ. ಸುಮ್ನೆ ನೋಡುವ ಪುರುಷ, ಅಂದರೆ ಅವರ ಆತ್ಮ, ಮಾತ್ರ ಬೇರೆ. ಹಾಗಾಗಿ ಇಂಗ್ಲಿಷಿನ ‘ಸೋಲ್’ ಪದಕ್ಕೆ ಕಣ್ಣು ಮುಚ್ಚಿ ‘ಆತ್ಮ’ ಅಂತ ಬರೆದರೆ ಒಳಗಿನ ಅರ್ಥ ಜಾರಿಹೋಗುತ್ತದೆ. ನಿನ್ನೆ ನನಗೆ ಸಿಟ್ಟು ಬಂತು. ಸಿಟ್ಟು ಯಾರದು? ಡೆಕಾರ್ಟ್ ಪ್ರಕಾರ ಆತ್ಮಕ್ಕೂ ಅದರಲ್ಲಿ ಪಾಲಿದೆ. ಸಾಂಖ್ಯದ ಪ್ರಕಾರ ಅದು ಪ್ರಕೃತಿಯದು.

ನಮ್ಮಲ್ಲೂ ಎಲ್ಲರದೂ ಒಂದೇ ಮಾತಲ್ಲ. ಆನೆಗೊಂದಿಯ ನವಬೃಂದಾವನದಲ್ಲಿ ಮಧ್ವಪರಂಪರೆಯ ಯತಿಗಳಿದ್ದಾರೆ. ಅವರ ಮತದಲ್ಲಿ ಜೀವ ಬರೀ ನೋಡುವವನಲ್ಲ. ಅರಿಯುವವನು, ಮಾಡುವವನು, ಹರಿಯ ಅಧೀನ. ಒಬ್ಬ ಜೀವ ಇನ್ನೊಬ್ಬನಾಗುವುದಿಲ್ಲ, ಹರಿಯೂ ಆಗುವುದಿಲ್ಲ. ಕೊಪ್ಪಳ ಹಿಂದೆ ‘ಕೊಪಣ’ ಅನ್ನುವ ದೊಡ್ಡ ಜೈನ ತೀರ್ಥವಾಗಿತ್ತು. ಜೈನರು ಜೀವವನ್ನು ದೀಪದ ಬೆಳಕಿಗೆ ಹೋಲಿಸುತ್ತಾರೆ. ಸಣ್ಣ ಕೋಣೆಯಲ್ಲಿಟ್ಟರೆ ಕೋಣೆಯಷ್ಟು, ಪಡಸಾಲೆಯಲ್ಲಿಟ್ಟರೆ ಪಡಸಾಲೆಯಷ್ಟು. ಇರುವೆಯಲ್ಲಿ ಇರುವೆಯಷ್ಟು, ಆನೆಯಲ್ಲಿ ಆನೆಯಷ್ಟು.

ಇನ್ನೊಂದು ತೇರಿನ ಮಾತು ಹೇಳಲೇಬೇಕು. ಗವಿಮಠದ ಗುಡ್ಡದ ಮೇಲೆಯೇ ಅಶೋಕನ ಶಾಸನವಿದೆ. 1931ರಲ್ಲಿ ಬೆಳಕಿಗೆ ಬಂತು. ಬೌದ್ಧ ಸಂಘದ ಹತ್ತಿರ ಹೋದ ಮೇಲೆ ಧರ್ಮಕ್ಕಾಗಿ ತನ್ನ ಶ್ರಮ ಜಾಸ್ತಿಯಾಯಿತು ಅಂತ ಅದರಲ್ಲಿ ರಾಜ ಹೇಳಿಕೊಳ್ಳುತ್ತಾನೆ. ಅವನ ಕಾಲದ ನಂತರ ವಾಯವ್ಯ ಭಾರತವನ್ನು ಮಿನಾಂಡರ್ ಅನ್ನುವ ಗ್ರೀಕ್ ದೊರೆ ಆಳಿದ. ಬೌದ್ಧ ಪುಸ್ತಕಗಳಲ್ಲಿ ಅವನೇ ಮಿಲಿಂದ. ಭಿಕ್ಷು ನಾಗಸೇನ ಅವನನ್ನು ಕೇಳುತ್ತಾನೆ: ನೀನು ಬಂದ ರಥ ಯಾವುದು? ಗಾಲಿಯೇ? ಅಚ್ಚೇ? ನೊಗವೇ? ಒಂದೂ ಅಲ್ಲ. ಎಲ್ಲ ಕೂಡಿದಾಗ ನಾವು ಇಡುವ ಹೆಸರು ರಥ. ‘ನಾನು’ ಕೂಡ ಹಾಗೆಯೇ. ಇಲ್ಲಿ ರಥಿಕನೂ ಇಲ್ಲ, ಸಾರಥಿಯೂ ಇಲ್ಲ. ಇದೇ ಅನಾತ್ಮ. ಎಷ್ಟೋ ಶತಮಾನಗಳ ನಂತರ, 1739ರಲ್ಲಿ, ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್ ತನ್ನೊಳಗೆ ಹುಡುಕಿ ಬಿಸಿ, ತಂಪು, ನೋವು, ನಲಿವು ಸಿಕ್ಕವೇ ಹೊರತು ‘ನಾನು’ ಸಿಗಲಿಲ್ಲ ಅಂತ ಬರೆದ.

ನಮ್ಮ ಕಡೆ ಆಡುಮಾತಿನಲ್ಲಿ ಆತ್ಮ ಅಷ್ಟಾಗಿ ಬರುವುದೇ ಇಲ್ಲ, ಬರುವುದು ಜೀವ. ‘ಜೀವಕ್ಕ ಸಮಾಧಾನ ಇಲ್ಲ’ ಅನ್ನುತ್ತೇವೆ. ಬಸುರಿ ‘ಎರಡು ಜೀವದಾಕಿ’. ಗಂಗಾವತಿ ಕಡೆಯ ಗದ್ದೆಯಲ್ಲಿ ನಾಟಿ ಮಾಡಿದ ಸಸಿ ‘ಜೀವ ಹಿಡೀತು’. ಸಸಿಗೂ ಜೀವವಿದೆ ಅನ್ನುವ ಈ ಮಾತಿಗೆ ಅರಿಸ್ಟಾಟಲ್ ತುಂಬ ಹತ್ತಿರ. ಅವನ ಪ್ಸೂಖೆ ಗಿಡದಲ್ಲೂ ಇದೆ. ಕಣ್ಣು ಒಂದು ಪ್ರಾಣಿಯಾಗಿದ್ದರೆ ನೋಟವೇ ಅದರ ಪ್ಸೂಖೆ ಆಗಿರುತ್ತಿತ್ತು ಅಂದ. ಆ ಫ್ಲೆಕ್ಸಿನವರು ಶಾಂತಿ ಬೇಡಿದ್ದೂ ಈ ಜೀವಕ್ಕೇ ಇರಬೇಕು. ಉಪನಿಷತ್ತಿನ ಆತ್ಮ ಶಾಂತಿ ಕಳೆದುಕೊಳ್ಳುವುದೇ ಇಲ್ಲವಲ್ಲ.

ಇಷ್ಟನ್ನೂ ಮಗುವಿಗೆ ಹೇಳಲಿಲ್ಲ. ಕಠೋಪನಿಷತ್ತಿನ ರಥದ ಕಥೆ ಮಾತ್ರ ಹೇಳಿದೆ. ಅಷ್ಟರಲ್ಲಿ ತೇರು ಹೊರಟಿತು. ಜನ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಿದ್ದರು. ‘ಕಾಕಾ, ಒಳಗ ಕುಂತಾವ ಸುಮ್ನೆ ಕುಂತ್ರ ಗಾಡಿ ಹೆಂಗ ಹೊಂಟೈತಿ?’ ಅಂದಳು. ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ 1643ರಲ್ಲಿ ಡೆಕಾರ್ಟ್‌ಗೆ ಪತ್ರ ಬರೆದು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ದೇಹವೇ ಇಲ್ಲದ ಆತ್ಮ ದೇಹವನ್ನು ಹೇಗೆ ಅಲುಗಿಸುತ್ತದೆ? ನಾನು ಸಾಂಖ್ಯರ ಉತ್ತರ ಹೇಳಿದೆ. ಕುರುಡನ ಹೆಗಲ ಮೇಲೆ ಕುಂಟ ಕೂತಿದ್ದಾನೆ. ನಡೆಯುವವನು ಕುರುಡ, ಅದು ಪ್ರಕೃತಿ. ನೋಡುವವನು ಕುಂಟ, ಅವನೇ ಪುರುಷ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ‘ಆದ್ರ ಕುಂಟ ದಾರಿ ಹೇಳ್ತಾನಲ್ಲ ಕಾಕಾ, ಸುಮ್ನೆ ಎಲ್ಲಿ ಕುಂತಾನ?’

ಬ್ರಹ್ಮಸೂತ್ರ ಭಾಷ್ಯದಲ್ಲಿ ಸಾಂಖ್ಯರಿಗೆ ಶಂಕರರು ಎತ್ತಿದ ಆಕ್ಷೇಪವೂ ಇದೇ.