ದೂರು ಎಷ್ಟು, ದೋಷ ಎಷ್ಟು?

"ಕಂಪನಿಯಿಂದ ಫೋನ್ ಬಂದ್ರೆ ಹತ್ತಕ್ಕೆ ಹತ್ತು ಅಂದ್ಬಿಡಿ ಸಾರ್." ಮೈಸೂರಾಗಲಿ ಮಂಡ್ಯವಾಗಲಿ, ಹೊಸ ಕಾರು ಕೊಂಡ ಅನೇಕರು ಶೋರೂಮಿನವರಿಂದ ಈ ಮಾತು ಕೇಳಿರುತ್ತಾರೆ. ಹೀಗೆ ಬೇಡಿ ಪಡೆದ ಹತ್ತು ಶೋರೂಮಿನ ಉಪಚಾರಕ್ಕೆ ಸಂದದ್ದು, ಗೇರ್‌ಬಾಕ್ಸಿಗಲ್ಲ. ಕಾರಿನ ಗುಣಮಟ್ಟ ಅಳೆಯುವ ಸಮೀಕ್ಷೆಯೇ ಬೇರೆ, ಅದರ ತೊಡಕೂ ಬೇರೆ.

1968ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಸಮೀಕ್ಷೆ ನಡೆಸುವ ಜೆ.ಡಿ. ಪವರ್ ಸಂಸ್ಥೆ ಹುಟ್ಟಿತು. 70ರ ದಶಕದ ಆರಂಭದಲ್ಲಿ ಅದು ಮಜ್ದಾದ ರೋಟರಿ ಎಂಜಿನ್ ಕಾರುಗಳ ಮಾಲೀಕರನ್ನು ವಿಚಾರಿಸಿದಾಗ ಎಂಜಿನ್ನಿನ ಸೋರಿಕೆ ತಡೆಯುವ ಉಂಗುರಗಳು, ಅಂದರೆ ಓ-ರಿಂಗ್ ಸೀಲುಗಳು, ಕೈಕೊಡುತ್ತಿರುವುದು ಬಯಲಾಯಿತು. ಮಾಲೀಕರ ಬಾಯಿಂದ ನಿಜವಾದ ದೋಷವೇ ಹೊರಬಿದ್ದಿತ್ತು. ಸಮೀಕ್ಷೆಯ ಮಾತಿಗೆ ಬೆಲೆ ಬಂದದ್ದೂ ಅದರಿಂದಲೇ.

80ರ ದಶಕದ ಕೊನೆಗೆ ಲೆಕ್ಕ ಬದಲಾಯಿತು. ಕೊಂಡ ಮೊದಲ 90 ದಿನದಲ್ಲಿ 100 ಕಾರಿಗೆ ಎಷ್ಟು ತೊಂದರೆ ಎಂಬುದೇ ಅಳತೆ. ಎಡವಟ್ಟು ಇಲ್ಲಿದೆ: ಎಲ್ಲ ತೊಂದರೆಗೂ ತೂಕ ಒಂದೇ. ಕ್ಲಚ್ ಸುಟ್ಟರೂ ಒಂದು, ಕಪ್ ಹೋಲ್ಡರಿನಲ್ಲಿ ಲೋಟ ಕೂರದಿದ್ದರೂ ಒಂದು. 2003ರಲ್ಲಿ ದೈತ್ಯ ಎಸ್‌ಯುವಿಗಳ ಬ್ರಾಂಡ್ ಹಮ್ಮರ್ ಪಟ್ಟಿಯ ತಳ ಸೇರಿತು. ಪೆಟ್ರೋಲ್ ಕುಡಿಯುತ್ತದೆ ಎಂಬ ದೂರಿಗೆ ಅದರಲ್ಲಿ ದೊಡ್ಡ ಪಾಲು. ಸುಮಾರು 3 ಟನ್ ತೂಗುವ ಗಾಡಿ ಬೇರೇನು ಕುಡಿದೀತು!

ಫೋರ್ಡ್ ಕಥೆ ಇನ್ನೂ ಪಾಠದಂತಿದೆ. 2010ರಲ್ಲಿ 5ನೇ ಸ್ಥಾನದಲ್ಲಿದ್ದ ಅದು ಮರುವರ್ಷ 23ಕ್ಕೆ ಜಾರಿತು. ಟಚ್‌ಸ್ಕ್ರೀನ್ ತಿಣುಕುತ್ತದೆ, ಹೊಸ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಜರ್ಕ್ ಹೊಡೆಯುತ್ತದೆ ಎಂಬ ಎರಡು ದೂರು ಮುಖ್ಯವಾಗಿದ್ದವು. ಸ್ಕ್ರೀನ್ ಸಾಫ್ಟ್‌ವೇರ್ ಅಪ್‌ಡೇಟಿನಿಂದ ಸುಧಾರಿಸುವಂಥದ್ದು. ಗೇರ್‌ಬಾಕ್ಸಿನಲ್ಲಿ ಎಣ್ಣೆ ಸೋಕದೆ ಇರಬೇಕಾದ ಒಣ ಕ್ಲಚ್ಚಿಗೆ ಸೀಲ್ ಸೋರಿ ಎಣ್ಣೆ ತಾಗುತ್ತಿತ್ತು, ಕಾರು ನಡುಗುತ್ತಿತ್ತು. ಆ ವ್ಯಾಜ್ಯ ಕೋರ್ಟ್ ಮೆಟ್ಟಿಲೇರಿತು. 90 ದಿನದ ಅಂಕದಲ್ಲಿ ಮಾತ್ರ ಎರಡೂ ಸರಿಸಮ.

ಹೆಸರಿನ ಮಹಿಮೆಯೂ ಉಂಟು. ಕ್ಯಾಲಿಫೋರ್ನಿಯದ ಫ್ರೀಮಾಂಟಿನಲ್ಲಿ ಒಂದೇ ಕಾರ್ಖಾನೆಯಿಂದ ಟೊಯೊಟಾ ಕೊರೋಲಾ, ಜಿಯೋ ಪ್ರಿಜ್ಮ್ ಎಂಬ ಅವಳಿಗಳು ಹೊರಬರುತ್ತಿದ್ದವು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಬೆಲೆ ಕೊರೋಲಾಗೇ ಹೆಚ್ಚು. ನಮ್ಮಲ್ಲಿ ಒಂದೇ ಕಾರು ಎರಡು ಹೆಸರಲ್ಲಿ ಬರುವ ಮಾರುತಿ ಬಲೆನೊ, ಟೊಯೊಟಾ ಗ್ಲಾಂಝಾ ಜೋಡಿಯನ್ನು ನೋಡುವಾಗಲೂ ಇದು ನೆನಪಿರಲಿ.

ನಮ್ಮಲ್ಲಿ ಮೊದಲ ದೂರು ಮೈಲೇಜಿನದು. ಮಂಡ್ಯದ ಕಬ್ಬಿಗೂ ಅದಕ್ಕೂ ನಂಟಿದೆ: ಕಬ್ಬಿನಿಂದ ತೆಗೆದ ಎಥೆನಾಲ್ ಪೆಟ್ರೋಲಿಗೆ ಬೆರೆಯುತ್ತದೆ, ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಇ10ಗೆ (10 ಪ್ರತಿಶತ ಎಥೆನಾಲ್ ಬೆರೆಸಿದ ಪೆಟ್ರೋಲಿಗೆ) ಹೊಂದಿಸಿದ ಹಳೆಯ ಕಾರಿಗೆ ಇ20 (20 ಪ್ರತಿಶತದ್ದು) ಹಾಕಿದರೆ ಮೈಲೇಜ್ 6ರಿಂದ 7 ಪ್ರತಿಶತ ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಬೆಂಗಳೂರು ಹೆದ್ದಾರಿಯಲ್ಲಿ 80ರ ಬದಲು 100ರಲ್ಲಿ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟು ದಾಟುತ್ತದೆ. ಇಂಧನ, ವೇಗ ಎರಡರ ಪಾಪವೂ ಕಾರಿನ ತಲೆಗೆ.

ದೂರು ಬರೆಯುವ ಮೊದಲು ಟೈರ್ ತಣ್ಣಗಿರುವಾಗಲೇ ಗಾಳಿ ಸರಿ ಮಾಡಿಸಿ. ಆಟೋ-ಕಟ್ ಆಗುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆಗಿಳಿಸಿ, 300 ಕಿ.ಮೀ. ಓಡಿಸಿ, ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿ ನಂಬಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ 90 ದಿನದ ಪಟ್ಟಿಗಿಂತ 3 ವರ್ಷದ ಕಾರುಗಳ ಸಮೀಕ್ಷೆ ಮೇಲು. ಅದಕ್ಕೂ ಮೇಲು ಜರ್ಮನಿಯ ವಾಹನ ತಪಾಸಣಾ ಸಂಸ್ಥೆ ಟ್ಯೂಫ್‌ನ ವರದಿ, ಅಲ್ಲಿ ಬ್ರೇಕು, ಸಸ್ಪೆನ್ಷನ್ನು, ತುಕ್ಕು ನೋಡುವವನು ಮಾಲೀಕನಲ್ಲ, ತಪಾಸಣೆಗಾರ. ಇಲ್ಲಿ ಆ ಕೆಲಸಕ್ಕೆ ಒಳ್ಳೆಯ ಮೆಕ್ಯಾನಿಕ್ ಸಾಕು: ಕಾರನ್ನು ಲಿಫ್ಟಿಗೇರಿಸಿ ಲೋಯರ್ ಆರ್ಮ್ ಬುಷ್, ಡ್ರೈವ್‌ಶಾಫ್ಟ್ ಬೂಟ್, ಗೇರ್‌ಬಾಕ್ಸ್ ಸೀಲ್ ಮೂರನ್ನೂ ಟಾರ್ಚ್ ಹಾಕಿ ನೋಡಲಿ.