ಈ ನೀಲಿ ಎಲ್ಲಿಂದ ಬಂತು?

ನೀಲಿ ಕಲ್ಲು ತಂದು ಮೇಜಿನ ಮೇಲೆ ಇಟ್ಟವರು ಮೊದಲು ಕೇಳುವುದು ಒಂದೇ ಮಾತು: ಇದು ಅಸಲಿ ವಜ್ರ ತಾನೇ? ರತ್ನ ಪರೀಕ್ಷೆ ಮಾಡುವವರಿಗೆ ಇದು ಸುಲಭದ ಪ್ರಶ್ನೆ. ಉತ್ತರ ಹೇಳಲು ಜಾಸ್ತಿ ಹೊತ್ತು ಬೇಕಿಲ್ಲ. ಆದರೆ ಹೌದು ಅಂದ ಕೂಡಲೇ ಸಮಾಧಾನಪಟ್ಟು ಎದ್ದು ಹೊರಟವರನ್ನು ನಾನು ಮತ್ತೆ ಕೂರಿಸುತ್ತೇನೆ. ಯಾಕೆಂದರೆ ಒಂದೇ ತೂಕದ ಮೂರು ನೀಲಿ ಕಲ್ಲುಗಳು, ಮೂರೂ ವಜ್ರವೇ ಆಗಿದ್ದರೂ, ಬೆಲೆಯಲ್ಲಿ ಒಂದಕ್ಕೊಂದು ಹತ್ತಿರವೂ ಬರದೇ ಇರಬಹುದು. ಒಂದರ ನೀಲಿ ಭೂಮಿಯ ಆಳದಲ್ಲೇ ಬಂದದ್ದು, ಇನ್ನೊಂದರದ್ದು ಯಂತ್ರದಲ್ಲಿ ಕಿರಣ ಹಾಯಿಸಿ ತಂದದ್ದು, ಮೂರನೆಯದರಲ್ಲಿ ಕಲ್ಲೇ ಲ್ಯಾಬಿನಲ್ಲಿ ಬೆಳೆದದ್ದು. ಹಾಗಾಗಿ ಈ ನೀಲಿ ಎಲ್ಲಿಂದ ಬಂತು ಅಂತ ಕೇಳಿ. ಬೆಲೆ, ಅಪರೂಪ ಎಲ್ಲವೂ ಆ ಉತ್ತರದ ಮೇಲೆ ನಿಂತಿದೆ.

ವಜ್ರ ಅಂದರೆ ಬರೀ ಇಂಗಾಲ. ಶುದ್ಧವಾಗಿದ್ದರೆ ಬಣ್ಣವೇ ಇಲ್ಲ. ಅದು ಬೆಳೆಯುವಾಗ ಅಲ್ಲೊಂದು ಇಲ್ಲೊಂದು ಇಂಗಾಲದ ಜಾಗದಲ್ಲಿ ಬೋರಾನ್ ಪರಮಾಣು ಸೇರಿಕೊಂಡರೆ ನೀಲಿ ಬರುತ್ತದೆ. ಇಂಗಾಲಕ್ಕೆ ಪಕ್ಕದವರ ಜೊತೆ ಹಂಚಿಕೊಳ್ಳಲು ನಾಲ್ಕು ಎಲೆಕ್ಟ್ರಾನ್ ಇವೆ, ಬೋರಾನ್‌ಗೆ ಮೂರೇ. ಆ ಒಂದು ಕೊರತೆಯಿಂದಾಗಿ ಕಲ್ಲು ಅವಕೆಂಪು ಬೆಳಕನ್ನೂ, ಅದಕ್ಕೆ ಅಂಟಿಕೊಂಡ ಕೆಂಪು ಭಾಗವನ್ನೂ ಹೀರಿಕೊಳ್ಳುತ್ತದೆ. ಕೆಂಪು ಹೋದಮೇಲೆ ನಮ್ಮ ಕಣ್ಣಿಗೆ ಉಳಿಯುವುದು ನೀಲಿ. ಇದಕ್ಕೆ ಬೇಕಾದ ಬೋರಾನ್ ಎಷ್ಟು ಗೊತ್ತಾ? ಸಾಮಾನ್ಯವಾಗಿ ಹತ್ತು ಲಕ್ಷ ಪರಮಾಣುಗಳಲ್ಲಿ ಒಂದು ಅಥವಾ ಅದಕ್ಕಿಂತ ಕಡಿಮೆ. ಅದೇ ಕೊರತೆಯಿಂದ ಇನ್ನೊಂದು ವಿಶೇಷವೂ ಬರುತ್ತದೆ: ವಜ್ರ ಸಾಮಾನ್ಯವಾಗಿ ವಿದ್ಯುತ್ ಹರಿಯಲು ಬಿಡುವುದಿಲ್ಲ, ಬೋರಾನ್ ಇರುವ ವಜ್ರ ಬಿಡುತ್ತದೆ. ನಮ್ಮ ಕಸುಬಿನಲ್ಲಿ ಇವನ್ನು ಟೈಪ್ 2ಬಿ ಅನ್ನುತ್ತೇವೆ.

ಬೋರಾನ್ ಸೇರಿದರಷ್ಟೇ ಸಾಲದು, ನೈಟ್ರೋಜನ್ ದೂರ ಇರಬೇಕು. ಗಣಿಯಿಂದ ಬರುವ ಬಹುಪಾಲು ವಜ್ರಗಳಲ್ಲಿ ನೈಟ್ರೋಜನ್ ಇದ್ದೇ ಇರುತ್ತದೆ. ಅದರಲ್ಲಿ ಒಂದು ಎಲೆಕ್ಟ್ರಾನ್ ಹೆಚ್ಚು, ಬೋರಾನ್‌ನ ಕೊರತೆಯನ್ನು ಅದು ತುಂಬಿಬಿಟ್ಟರೆ ನೀಲಿ ಅಲ್ಲಿಗೇ ಮುಗಿಯಿತು. ಅಂದರೆ ಒಂದು ಅಪರೂಪದ ಧಾತು ಬರಬೇಕು, ಎಲ್ಲ ಕಡೆ ಇರುವ ಇನ್ನೊಂದು ಬರಲೇಬಾರದು.

ಇನ್ನೂ ಸೋಜಿಗದ ವಿಷಯ ಇದೆ. ಬೋರಾನ್ ಹೆಚ್ಚಾಗಿ ಸಿಗುವುದು ಭೂಮಿಯ ಮೇಲ್ಪದರದಲ್ಲಿ, ಸಮುದ್ರದ ನೀರಿನಲ್ಲಿ. ವಜ್ರ ಹುಟ್ಟುವ ಆಳದಲ್ಲಿ ಅದು ಬಹಳ ಕಡಿಮೆ. ಹಾಗಿದ್ದರೆ ಅಲ್ಲಿಗೆ ಹೋದದ್ದು ಹೇಗೆ? 2018ರಲ್ಲಿ ರತ್ನಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ಅಮೆರಿಕದ ಸಂಸ್ಥೆ ಜಿಐಎಯ ಲ್ಯಾಬಿನ ಸಂಶೋಧಕರು ಮತ್ತು ಅವರ ಜೊತೆಗಾರರು 46 ನೀಲಿ ವಜ್ರಗಳ ಒಳಗೆ ಸಿಕ್ಕಿಬಿದ್ದಿದ್ದ ಖನಿಜದ ಚೂರುಗಳನ್ನು ಅಧ್ಯಯನ ಮಾಡಿ, ಇಂಥ ವಜ್ರಗಳು 660 ಕಿಲೋಮೀಟರ್‌ಗಿಂತಲೂ ಆಳದಲ್ಲಿ, ಭೂಮಿಯ ಮೇಲ್ಪದರದ ಕೆಳಗಿನ ದಪ್ಪ ಬಂಡೆಪದರದ ತಳಭಾಗವಾದ ಕೆಳಮ್ಯಾಂಟಲ್‌ನಲ್ಲಿ ಹುಟ್ಟಿರಬಹುದು ಅಂತ ತೋರಿಸಿದರು. ಸಾಮಾನ್ಯ ವಜ್ರಗಳು ಹುಟ್ಟುವುದು ಸುಮಾರು 150ರಿಂದ 200 ಕಿಲೋಮೀಟರ್ ಆಳದಲ್ಲಿ. ಅವರ ವಿವರಣೆ ಹೀಗಿದೆ: ಸಮುದ್ರದ ತಳದ ಬಂಡೆ ನೀರಿನ ಜೊತೆ ಬೆರೆತು ಬೋರಾನ್ ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಭೂಫಲಕ ಕೆಳಗೆ ಜಾರುವಾಗ ಅದನ್ನೂ ಜೊತೆಗೇ ಒಯ್ಯುತ್ತದೆ. ಒಂದು ಕಾಲದಲ್ಲಿ ಸಮುದ್ರದ ತಳದಲ್ಲಿದ್ದ ಬೋರಾನ್ ಅಷ್ಟು ಆಳಕ್ಕಿಳಿದು, ವಜ್ರದೊಳಗೆ ಸೇರಿ, ಜ್ವಾಲಾಮುಖಿಯ ಕೊಳವೆಯಲ್ಲಿ ಮತ್ತೆ ಮೇಲೆ ಬಂದಿದೆ. ಇದನ್ನು ತಿಳಿದಮೇಲೆ ನೀಲಿ ವಜ್ರವನ್ನು ಲೆನ್ಸ್ ಕೆಳಗೆ ನೋಡುವಾಗ ನನಗೆ ಬೆಲೆಯ ಯೋಚನೆ ಎರಡನೆಯದಾಗಿ ಬರುತ್ತದೆ.

ಗಣಿಯಿಂದ ತೆಗೆದ ವಜ್ರಗಳಲ್ಲಿ ಟೈಪ್ 2ಬಿ ಪಾಲು ಸುಮಾರು ಶೇಕಡಾ 0.02 ಮಾತ್ರ. ಅವುಗಳಲ್ಲೂ ಹೆಚ್ಚಿನವು ತಿಳಿಯಾಗಿರುತ್ತವೆ ಅಥವಾ ಬೂದು ಬೆರೆತಿರುತ್ತವೆ. ನೀಲಿ ವಜ್ರಕ್ಕೆಂದೇ ತೋಡುವ ಗಣಿ ಎಲ್ಲೂ ಇಲ್ಲ, ಸಿಕ್ಕರೆ ಸಿಕ್ಕಿತು ಅಷ್ಟೇ. ಈ ಕಾಲದಲ್ಲಿ ದಕ್ಷಿಣ ಆಫ್ರಿಕಾದ ಕುಲಿನನ್ ಗಣಿ ಇದಕ್ಕೆ ಹೆಸರಾಗಿದೆ. ಬೋಟ್ಸ್ವಾನಾದ ಒರಾಪಾ ಗಣಿಯಿಂದ 20.46 ಕ್ಯಾರೆಟ್ಟಿನ ಒಕವಾಂಗೋ ಬ್ಲೂ ಬಂತು. ಹಿಂದಿನ ಕಾಲಕ್ಕೆ ಹೋದರೆ ಕೃಷ್ಣಾ ನದಿ ದಂಡೆಯ ಕೊಲ್ಲೂರು ಗಣಿ. ಹೋಪ್ ವಜ್ರದ ಮೂಲ ಅದೇ ಅಂತ ನಂಬಿಕೆ.

ಈಗ ಬಣ್ಣಕ್ಕೆ ಬರೋಣ. ಜನ ತುಂಬಾ ಗಲಿಬಿಲಿ ಆಗುವುದು ಇಲ್ಲೇ. ಬಿಳಿ ವಜ್ರವನ್ನು ತಲೆಕೆಳಗಾಗಿ ಇಟ್ಟು ಬಣ್ಣ ಎಷ್ಟು ಕಡಿಮೆ ಇದೆ ಅಂತ ನೋಡುತ್ತೇವೆ. ಬಣ್ಣದ ವಜ್ರವನ್ನು ಮುಖ ಮೇಲೆ ಮಾಡಿ, ಬಣ್ಣ ಎಷ್ಟು ಗಾಢ, ಎಷ್ಟು ಶುದ್ಧ ಅಂತ ನೋಡುತ್ತೇವೆ. ಫೇಂಟ್‌ನಿಂದ ಶುರುವಾಗಿ ಲೈಟ್, ಫ್ಯಾನ್ಸಿ, ಫ್ಯಾನ್ಸಿ ಇಂಟೆನ್ಸ್ ದಾಟಿ ಫ್ಯಾನ್ಸಿ ವಿವಿಡ್ ತನಕ ದರ್ಜೆಗಳಿವೆ, ಕಪ್ಪಿನ ಕಡೆ ವಾಲಿದವಕ್ಕೆ ಡೀಪ್ ಮತ್ತು ಡಾರ್ಕ್. ನೀಲಿಯಲ್ಲಿ ದೊಡ್ಡ ತೊಡಕು ಬೂದು ಬಣ್ಣ. ಕಲ್ಲು ಪರೀಕ್ಷಿಸಿ ಲ್ಯಾಬ್ ಕೊಡುವ ರಿಪೋರ್ಟಿನಲ್ಲಿ ಬ್ಲೂ ಅನ್ನುವುದಕ್ಕೆ ಮುಂಚೆ ಗ್ರೇಯಿಶ್, ಅಂದರೆ ಬೂದು ಬೆರೆತ, ಅಂತ ಇದ್ದರೆ ಬೆಲೆ ಗಣನೀಯವಾಗಿ ಇಳಿಯುತ್ತದೆ. ಬೂದು ಇಲ್ಲದ ವಿವಿಡ್ ನೀಲಿ ಸಿಗುವುದು ತೀರಾ ಅಪರೂಪ, ಲಕ್ಷಾಂತರ ಡಾಲರ್ ಹೋಗುವುದು ಅದಕ್ಕೇ. 45.52 ಕ್ಯಾರೆಟ್ಟಿನ ಹೋಪ್ ವಜ್ರವೇ ಫ್ಯಾನ್ಸಿ ಡೀಪ್ ಗ್ರೇಯಿಶ್ ಬ್ಲೂ. ಜಗತ್ತಿಗೆಲ್ಲ ಗೊತ್ತಿರುವ ನೀಲಿ ವಜ್ರದಲ್ಲೂ ಬೂದು ಇದೆ ಅಂದರೆ ಲೆಕ್ಕ ಹಾಕಿ.

ಬಣ್ಣದ ಮುಂದೆ ಉಳಿದದ್ದೆಲ್ಲ ಹಿಂದೆ ಸರಿಯುತ್ತದೆ ಅನ್ನುವುದಕ್ಕೆ ವಿಟ್ಟೆಲ್ಸ್‌ಬಾಕ್ ವಜ್ರದ ಕಥೆ ಸಾಕು. 35.56 ಕ್ಯಾರೆಟ್ಟಿನ ಆ ಹಳೆಯ ರಾಜಮನೆತನದ ಕಲ್ಲನ್ನು 2008ರಲ್ಲಿ ವಜ್ರದ ವ್ಯಾಪಾರಿ ಲಾರೆನ್ಸ್ ಗ್ರಾಫ್ ಹರಾಜಿನಲ್ಲಿ ಕೊಂಡರು, ಮರಳಿ ಕಟ್ ಮಾಡಿಸಿದರು. ತೂಕ 31.06ಕ್ಕೆ ಇಳಿಯಿತು. ದರ್ಜೆಯಲ್ಲಿ ಗ್ರೇಯಿಶ್ ಅನ್ನುವ ಮಾತು ಹೋಗಿ ಫ್ಯಾನ್ಸಿ ಡೀಪ್ ಬ್ಲೂ ಆಯಿತು, ಅಂಚಿನ ಹಳೆಯ ಗಾಯಗಳೂ ಮಾಯವಾದವು. ವ್ಯಾಪಾರದ ದೃಷ್ಟಿಯಿಂದ ಲೆಕ್ಕ ಸರಿಯಾಗಿಯೇ ಇತ್ತು. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಮೂರು ಶತಮಾನಕ್ಕೂ ಹಳೆಯದಾದ ಕಟ್ ಅದು, ಅದನ್ನು ಕತ್ತರಿಸಿದ ಕೈಯ ಕೆಲಸವೇ ಅಲ್ಲಿ ಉಳಿದಿತ್ತು. ಅದು ಮತ್ತೆ ಬರುವುದಿಲ್ಲ.

ಹೊಸ ಕಲ್ಲಿನ ವಿಷಯ ಬೇರೆ. ಅಲ್ಲಿ ಕಟರ್‌ನ ಜಾಣ್ಮೆ ಪೂರ್ತಿ ಬಣ್ಣಕ್ಕಾಗಿ ಕೆಲಸ ಮಾಡುತ್ತದೆ. ಕಚ್ಚಾ ಕಲ್ಲಿನಲ್ಲಿ ನೀಲಿ ಎಲ್ಲ ಕಡೆ ಸಮನಾಗಿರಲೇಬೇಕು ಅಂತಿಲ್ಲ, ಒಂದು ಮೂಲೆಯಲ್ಲಿ ಗಾಢವಾಗಿ ಇನ್ನೊಂದು ಕಡೆ ತಿಳಿಯಾಗಿ ಇರುವುದುಂಟು. ಬೆಳಕು ಒಳಗೆ ಹೆಚ್ಚು ದೂರ ಓಡಾಡಿ ಹೊರಬರುವಂತೆ ಮುಖಗಳನ್ನು ಕೊರೆದರೆ ಬಣ್ಣ ಗಟ್ಟಿಯಾಗಿ ಕಾಣುತ್ತದೆ. ಬಣ್ಣದ ವಜ್ರಗಳಲ್ಲಿ ಕುಶನ್, ರೇಡಿಯಂಟ್ ಆಕಾರ ಜಾಸ್ತಿ ಇರುವುದು ಇದಕ್ಕೇ. ಕುಲಿನನ್ ಗಣಿಯಲ್ಲಿ 2014ರಲ್ಲಿ ಸಿಕ್ಕ 29.6 ಕ್ಯಾರೆಟ್ಟಿನ ಕಲ್ಲಿನಿಂದ ಕೊನೆಗೆ ಉಳಿದದ್ದು 12.03 ಕ್ಯಾರೆಟ್. ಅರ್ಧಕ್ಕಿಂತ ಹೆಚ್ಚು ಪುಡಿಯಾಯಿತು. ಆದರೆ ಅದು 2015ರಲ್ಲಿ ಜಿನೀವಾದ ಹರಾಜಿನಲ್ಲಿ 4.84 ಕೋಟಿ ಡಾಲರ್‌ಗೆ ಹೋಯಿತು. ಅದೇ ಬ್ಲೂ ಮೂನ್ ಆಫ್ ಜೋಸೆಫೀನ್.

ಹರಾಜಿನ ಸುದ್ದಿ ಓದಿ ನೀಲಿ ವಜ್ರದ ಬೆಲೆ ಯಾವಾಗಲೂ ಏರುತ್ತಲೇ ಹೋಗುತ್ತದೆ ಅಂದುಕೊಳ್ಳುವವರಿಗೆ ಒಂದು ಮಾತು. 2016ರಲ್ಲಿ 14.62 ಕ್ಯಾರೆಟ್ಟಿನ ಓಪನ್‌ಹೈಮರ್ ಬ್ಲೂ ಸುಮಾರು 5.75 ಕೋಟಿ ಡಾಲರ್‌ಗೆ ಹೋಯಿತು. 2022ರಲ್ಲಿ 15.10 ಕ್ಯಾರೆಟ್ಟಿನ ಡಿ ಬಿಯರ್ಸ್ ಕುಲಿನನ್ ಬ್ಲೂ ಹೆಚ್ಚುಕಡಿಮೆ ಅಷ್ಟಕ್ಕೇ. 2023ರಲ್ಲಿ ಇವೆರಡಕ್ಕಿಂತ ದೊಡ್ಡದಾದ, 17.61 ಕ್ಯಾರೆಟ್ಟಿನ ಬ್ಲೂ ರಾಯಲ್ ಸುಮಾರು 4.38 ಕೋಟಿಗೆ ನಿಂತಿತು. ಇವೆಲ್ಲ ಫ್ಯಾನ್ಸಿ ವಿವಿಡ್ ಬ್ಲೂ. ಕಲ್ಲು ದೊಡ್ಡದಾದರೂ ಕ್ಯಾರೆಟ್ ಲೆಕ್ಕದ ಬೆಲೆ ಇಳಿಯಿತು, ಅಲ್ವಾ? ಇಂಥ ಕಲ್ಲಿಗೆ ಗಿರಾಕಿಗಳೇ ಬೆರಳೆಣಿಕೆಯಷ್ಟು. ಆ ದಿನ ಹಟಕ್ಕೆ ಬಿದ್ದವರು ಇಬ್ಬರಿದ್ದರೆ ಒಂದು ಬೆಲೆ, ಒಬ್ಬರೇ ಇದ್ದರೆ ಇನ್ನೊಂದು. ಈ ಅಂಕಿಗಳನ್ನು ಹಿಡಿದುಕೊಂಡು ಅರ್ಧ ಕ್ಯಾರೆಟ್ಟಿನ ತಿಳಿ ನೀಲಿ ಕಲ್ಲಿಗೆ ಬೆಲೆ ಕಟ್ಟುವುದು ಸರಿಯಲ್ಲ.

ಇನ್ನು ಬೇರೆ ದಾರಿಯಿಂದ ಬರುವ ನೀಲಿಗಳು. ವಜ್ರಕ್ಕೆ ಎಲೆಕ್ಟ್ರಾನ್ ಅಥವಾ ನ್ಯೂಟ್ರಾನ್ ಕಿರಣ ಹಾಯಿಸಿದರೆ ಕೆಲವು ಇಂಗಾಲ ಪರಮಾಣುಗಳು ತಮ್ಮ ಜಾಗದಿಂದ ಕಿತ್ತುಹೋಗುತ್ತವೆ, ಆ ಖಾಲಿ ಜಾಗಗಳಿಂದ ಹಸಿರು ಬೆರೆತ ನೀಲಿ ಬರುತ್ತದೆ. ಆಸ್ಟ್ರೇಲಿಯಾದ ಆರ್ಗೈಲ್ ಗಣಿಯಿಂದ ಬೂದು ನೇರಳೆ ಛಾಯೆಯ ನೀಲಿ ಕಲ್ಲುಗಳು ಬರುತ್ತಿದ್ದವು. ಅವು ನೈಸರ್ಗಿಕವೇ, ಆದರೆ ಅವುಗಳ ಬಣ್ಣಕ್ಕೆ ಬೋರಾನ್ ಕಾರಣವಲ್ಲ, ಹೈಡ್ರೋಜನ್ ಜೊತೆ ನಂಟಿದೆ. ಆ ಗಣಿ 2020ರಲ್ಲಿ ಮುಚ್ಚಿತು. ಇನ್ನು ಕಂದು ಬೂದಾಗಿರುವ ಟೈಪ್ 2ಬಿ ಕಲ್ಲನ್ನು ಭಾರೀ ಒತ್ತಡ, ಭಾರೀ ಶಾಖಕ್ಕೆ ಒಡ್ಡಿದರೆ ಕಂದು ಹೋಗಿ ಒಳಗಿದ್ದ ನೀಲಿ ಎದ್ದು ಕಾಣುತ್ತದೆ. ಪತ್ತೆ ಹಚ್ಚಲು ತುಂಬಾ ಕಷ್ಟ ಇರುವುದು ಇದನ್ನೇ.

ಲ್ಯಾಬ್ ವಜ್ರದವರು ಬೋರಾನನ್ನೇ ಬೆರೆಸಿ ಬೆಳೆಸುತ್ತಾರೆ. ಹಾಗಾಗಿ ವಿದ್ಯುತ್ ಹರಿಯುವ ಪರೀಕ್ಷೆ ಮಾಡಿ ನೈಸರ್ಗಿಕ ಅಂತ ತೀರ್ಮಾನಿಸುವವರನ್ನು ನಂಬಬೇಡಿ. ಕಿರಣ ಹಾಯಿಸಿದ ಕಲ್ಲನ್ನು ಹೊರಗಿಡಲು ಆ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ, ಆದರೆ ಲ್ಯಾಬಿನಲ್ಲಿ ಬೆಳೆದ ನೀಲಿಯೂ ಅದರಲ್ಲಿ ಪಾಸಾಗುತ್ತದೆ. ನಾವು ನೋಡುವುದು ಬೇರೆ ಗುರುತುಗಳನ್ನು. ಯು.ವಿ. ದೀಪ ಆರಿಸಿದ ಮೇಲೆ ಕಲ್ಲು ಯಾವ ಬಣ್ಣದಲ್ಲಿ, ಎಷ್ಟು ಹೊತ್ತು ಹೊಳೆಯುತ್ತದೆ? ಹೋಪ್ ವಜ್ರ ಕೆಂಡದ ಹಾಗೆ ಕೆಂಪಗೆ ಹೊಳೆಯುತ್ತದೆ. ಒಳಗೆ ಲೋಹದ ಚೂರು ಇದೆಯೇ? ಬೆಳವಣಿಗೆಯ ಗೆರೆಗಳು ಹೇಗಿವೆ? ಇದೆಲ್ಲ ಯಂತ್ರ ಮತ್ತು ಅನುಭವ ಎರಡೂ ಬೇಕಾದ ಕೆಲಸ, ಅಂಗಡಿಯ ಕೌಂಟರಿನಲ್ಲಿ ಲೆನ್ಸ್ ಹಿಡಿದು ಆಗುವುದಲ್ಲ. ಲ್ಯಾಬ್ ವಜ್ರ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದನ್ನು ಅದೇ ಹೆಸರಿನಲ್ಲಿ, ಅದರ ಬೆಲೆಗೆ ಮಾರಲಿ.

ಕೊಳ್ಳುವವರು ರಿಪೋರ್ಟ್ ಕೈಗೆ ಬಂದಾಗ ಮೊದಲು ಕಲ್ಲು ನೈಸರ್ಗಿಕವೋ ಲ್ಯಾಬಿನದೋ ಅಂತ ನೋಡಿ, ಆಮೇಲೆ ಬಣ್ಣದ ಮೂಲ ಅನ್ನುವ ಸಾಲು ನೋಡಿ. ಇವೆರಡೂ ಬೇರೆ ಬೇರೆ. ನೈಸರ್ಗಿಕ ಕಲ್ಲಿಗೆ ಕೃತಕ ಬಣ್ಣ ಇರಬಹುದು. ನಂತರ ದರ್ಜೆ, ಅದರಲ್ಲಿ ಗ್ರೇಯಿಶ್ ಇದೆಯೇ, ಬಣ್ಣ ಸಮನಾಗಿ ಹರಡಿದೆಯೇ ಅಂತ ನೋಡಿ. ರಿಪೋರ್ಟಿನ ನಂಬರನ್ನು ಲ್ಯಾಬಿನ ವೆಬ್‌ಸೈಟಿನಲ್ಲಿ ತಾಳೆ ಹಾಕಿ, ಕಲ್ಲಿನ ಅಂಚಿನಲ್ಲಿ ನಂಬರ್ ಕೆತ್ತಿದ್ದರೆ ಅದನ್ನೂ. ಕಲ್ಲನ್ನು ಹಗಲು ಬೆಳಕಿನಲ್ಲಿ, ಹಳದಿ ದೀಪದಲ್ಲಿ, ಎರಡರಲ್ಲೂ ನೋಡಿ. ಪಕ್ಕದಲ್ಲಿ ಒಂದು ಬಿಳಿ ವಜ್ರ ಇಡಿಸಿಕೊಂಡರೆ ಬೂದು ಎಷ್ಟಿದೆ ಅಂತ ಕಣ್ಣಿಗೆ ಬೇಗ ತಿಳಿಯುತ್ತದೆ. ಒಡವೆಯಲ್ಲಿ ಕೂರಿಸಿದ ಕಲ್ಲಾದರೆ ಬಿಚ್ಚಿಸಿ ನೋಡಿ, ಹಿಂಬದಿಯ ಲೇಪನ, ಕೆಳಗಿನ ಬಣ್ಣದ ಹಾಳೆ ಎಲ್ಲ ಅಲ್ಲೇ ಅಡಗಿರುತ್ತವೆ. ಬಿಚ್ಚಲು ಒಪ್ಪದಿದ್ದರೆ ಆ ವ್ಯವಹಾರ ಬೇಡ.