ಮಡಚುವ ಚೂರಿಗೆ ದುಬಾರಿ ಉಕ್ಕು ಬೇಕಾ?

ಪ್ರಶ್ನೆ: ಅಪ್ಪಯ್ಯನ ಹತ್ತಿರ ಇದ್ದಂಥದ್ದೇ ಮಡಚುವ ಚೂರಿ ಈಗ ಪೌಡರ್ ಸ್ಟೀಲ್ ಅಲಗು, ಜಿ-10 ಹಿಡಿ ಹಾಕಿಕೊಂಡು ಬರುತ್ತಿದೆ. ನೋಡಲಿಕ್ಕೆ ಹಳೇದರ ಹಾಗೇ, ರೇಟು ಮಾತ್ರ ಹತ್ತು ಪಟ್ಟು. ಶಿರಸಿ ಕಡೆ ತೋಟದಲ್ಲಿ ಓಡಾಡುವವರಿಗೆ ಇದರಿಂದ ಏನಾದರೂ ಉಪಯೋಗ ಇದೆಯಾ? ಅಪ್ಪಯ್ಯನ ಚೂರಿ ತುಕ್ಕು ಹಿಡಿದು ಅಟ್ಟದ ಮೇಲಿದೆ.

ಅಲಗಿನ ಮೇಲೆ ಸುರಿಯುವ ದುಡ್ಡು ಬಹುಪಾಲು ದಂಡ. ಹಿಡಿ ಮತ್ತು ಕೀಲಿನ ಮೇಲೆ ಹಾಕಿದರೆ ಬೇರೆ ಮಾತು.

ನಮ್ಮ ಕಡೆ ಮಡಚುವ ಚೂರಿ ಸಾಯುವುದು ಕೀಲಿನಲ್ಲಿ. ಅಲಗನ್ನು ಒರೆಸಬಹುದು, ಮಸೆಯಬಹುದು. ಕೀಲಿನ ಸಂದಿಗೆ ಬಟ್ಟೆ ಹೋಗುವುದಿಲ್ಲ. ಮಳೆಗಾಲದಲ್ಲಿ ಒದ್ದೆ ಜೇಬಿನಲ್ಲಿ ಒಂದು ವಾರ ಇಟ್ಟರೆ ಸಾಕು, ಒಳಗೆ ಕೆಂಪು ತುಕ್ಕು ಕೂತಿರುತ್ತದೆ. ಮರದ ಹಿಡಿಯದ್ದಾದರೆ ಇನ್ನೊಂದು ಪಜೀತಿ. ಮರ ನೀರು ಕುಡಿದು ಉಬ್ಬುತ್ತದೆ, ಅಲಗು ಕೂರುವ ಸೀಳು ಬಿಗಿಯಾಗುತ್ತದೆ. ಜಾತ್ರೆಯಲ್ಲಿ ತಗೊಂಡ ನನ್ನದೊಂದು ಚೂರಿ ಆಷಾಢ ಪೂರ್ತಿ ತೆರೆಯಲೇ ಇಲ್ಲ. ಉಗುರು ಮುರಿದದ್ದೇ ಲಾಭ. ಫ್ರಾನ್ಸಿನ ಸವೋಯ್ ಬೆಟ್ಟದ ಸೀಮೆಯವರಿಗೂ ಇದೇ ತೊಂದರೆ ಇತ್ತು. ಹಿಡಿಯ ಹಿಂಬದಿಯನ್ನು ಗಟ್ಟಿ ಜಾಗಕ್ಕೆ ಟಕ್ ಅಂತ ಕುಟ್ಟಿದರೆ ಅಲಗಿನ ತುದಿ ಸ್ವಲ್ಪ ಮೇಲೆ ಬರುತ್ತದೆ. ಆ ಉಪಾಯಕ್ಕೆ ಅಲ್ಲಿ 'ಸವೋಯ್‌ನವರ ಪೆಟ್ಟು' ಎಂದೇ ಹೆಸರು.

ಕೀಲಿಗೆ ನಾವು ಹಾಕುವ ಎಣ್ಣೆಯದ್ದೂ ತಪ್ಪಿದೆ. ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್‌ನಲ್ಲಿ ಶಿರಸಿಯ ಬೆಳಗ್ಗೆ ಬಾಟಲಿಯನ್ನು ಒಲೆ ಹತ್ತಿರ ಇಟ್ಟುಕೊಳ್ಳುತ್ತೇವಲ್ವಾ? ಕೀಲಿನೊಳಗೂ ಅದೇ ಕಥೆ. ಹೊಲಿಗೆ ಮೆಷಿನ್ನಿನ ಎಣ್ಣೆ ಒಂದೇ ಹನಿ ಹಾಕಿ. ಹೊಸ ಚೂರಿಗಳಲ್ಲಿ ಅಲಗಿಗೂ ಹಿಡಿಗೂ ನಡುವೆ ಫಾಸ್ಫರ್ ಬ್ರಾಂಜ್ ಎಂಬ ಕಂಚಿನ ವಾಷರ್ ಇರುತ್ತದೆ. ಅದಕ್ಕೆ ಕೆಂಪು ತುಕ್ಕು ಬರುವುದಿಲ್ಲ, ಉಜ್ಜಿ ಉಜ್ಜಿ ಇನ್ನೂ ನುಣುಪಾಗುತ್ತದೆ. ರಿವೆಟ್ ಬದಲು ಸ್ಕ್ರೂ ಇದ್ದರೆ ಬಿಚ್ಚಿ ತೊಳೆಯಲೂಬಹುದು. ನನ್ನನ್ನು ಕೇಳಿದರೆ ಹೊಸ ಕಾಲದ ಚೂರಿಯಲ್ಲಿ ದುಡ್ಡಿಗೆ ತಕ್ಕ ವಸ್ತು ಇದೇ. ಜಾಹೀರಾತಿನಲ್ಲಿ ಮಾತ್ರ ಇದರ ಸುದ್ದಿಯೇ ಇರುವುದಿಲ್ಲ.

ಇನ್ನು ಹಿಡಿ. ಜಿ-10 ಅಂದರೆ ಗಾಜಿನ ನೂಲಿನ ಬಟ್ಟೆಯನ್ನು ಪದರ ಪದರವಾಗಿ ಇಟ್ಟು, ಎಪಾಕ್ಸಿ ಅಂಟು ಹಾಕಿ ಒತ್ತಿದ ಹಲಗೆ. ಕಂಪ್ಯೂಟರ್ ಬಿಚ್ಚಿದರೆ ಕಾಣುವ ಹಸಿರು ಸರ್ಕೀಟ್ ಹಲಗೆಯ ದಾಯಾದಿ. ನೀರಿಗೆ ಉಬ್ಬುವುದಿಲ್ಲ ಅಂದರೆ ಉಬ್ಬುವುದಿಲ್ಲ. ಮೈಕಾರ್ಟಾ ಅಂತ ಇನ್ನೊಂದಿದೆ. ಅದು ಹತ್ತಿ ಬಟ್ಟೆಗೋ ಕಾಗದಕ್ಕೋ ಫೀನಾಲ್ ಅಂಟು ಕುಡಿಸಿ ಮಾಡಿದ್ದು. ಒದ್ದೆ ಕೈಯಲ್ಲೂ ಜಾರುವುದು ಕಡಿಮೆ. ಇದನ್ನು 'ಆಧುನಿಕ' ಎಂದು ಮಾರುವುದು ನೋಡಿದರೆ ನಗು ಬರುತ್ತದೆ. ವಿದ್ಯುತ್ ಸಾಮಾನಿಗೆಂದು ಅಮೆರಿಕದಲ್ಲಿ ಇದು ಶುರುವಾಗಿ 100 ವರ್ಷ ದಾಟಿದೆ. ನಮ್ಮ ಇಲೆಕ್ಟ್ರೀಶಿಯನ್ನರು ಹೈಲಂ ಶೀಟ್ ಅನ್ನುತ್ತಾರಲ್ಲ, ಅದೂ ಹತ್ತಿರ ಹತ್ತಿರ ಇದೇ ಜಾತಿ.

ಕಡವೆ ಕೊಂಬಿನ ಹಿಡಿ ಚೆಂದ, ನಿಜ. ಒಂದು ಕಾಲದಲ್ಲಿ ಭಾರತದ ಕಡವೆ ಕೊಂಬು ಹೊರದೇಶದ ಚೂರಿಗಳಿಗೆ ಹೋಗುತ್ತಿತ್ತು. ಈಗ 1972ರ ವನ್ಯಜೀವಿ ಕಾಯ್ದೆ ಇದೆ. ಕಾಡಲ್ಲಿ ತಾನಾಗಿ ಉದುರಿ ಬಿದ್ದದ್ದು ಸಿಕ್ಕಿತು ಅಂತ ತಂದು ಹಿಡಿ ಮಾಡಿಸಲು ಹೋಗಬೇಡಿ.

ಅಲಗಿಗೆ ಬರೋಣ. ಪೌಡರ್ ಸ್ಟೀಲ್ ಅಂದರೆ ಕರಗಿದ ಉಕ್ಕನ್ನು ಸಿಂಪಡಿಸಿ ಪುಡಿ ಮಾಡಿ, ಮತ್ತೆ ಬಿಸಿಯಲ್ಲಿ ಒತ್ತಿ ಗಟ್ಟಿ ಮಾಡಿದ್ದು. ಹೆಸರುವಾಸಿಯಾದ ಎಸ್30ವಿ ಎಂಬ ಉಕ್ಕಿನಲ್ಲಿ ಶೇ. 4ರಷ್ಟು ವನೇಡಿಯಂ ಇದೆ. ಅದು ಇಂಗಾಲದ ಜೊತೆ ಸೇರಿ ತುಂಬಾ ಗಟ್ಟಿ ಕಣಗಳಾಗುತ್ತದೆ. ಹರಿತ ಬಹಳ ದಿನ ನಿಲ್ಲುತ್ತದೆ, ಸುಳ್ಳಲ್ಲ. ಆದರೆ ಆ ಕಣ ಅಲ್ಯೂಮಿನಿಯಂ ಆಕ್ಸೈಡಿನ ಸಾಣೆಕಲ್ಲಿಗಿಂತಲೂ ಗಟ್ಟಿ. ಬಚ್ಚಲ ಹತ್ತಿರದ ಮಸೆಗಲ್ಲಿನಲ್ಲಿ ಎಷ್ಟು ತಿಕ್ಕಿದರೂ ಸುಮ್ನೆ ಬೆವರು. ವಜ್ರದ ಪುಡಿ ಕೂರಿಸಿದ ಪಟ್ಟಿಯಾದರೆ ಸಲೀಸು. ಹಳೇ ಕಾಲದ ಸಾದಾ ಕಾರ್ಬನ್ ಉಕ್ಕಿನ ಅಲಗಾದರೆ ನಾಲ್ಕು ಸಲ ಎಳೆದರೆ ಮುಗಿಯಿತು. ತೋಟದಲ್ಲಿ ಹಗ್ಗ ಕೊಯ್ಯುವವರಿಗೆ, ಬಾಳೆ ಎಲೆ ಕೊಯ್ಯುವವರಿಗೆ ಇದೇ ಆರಾಮ.

ಕಾರ್ಬನ್ ಉಕ್ಕು ಕಪ್ಪಾಗುತ್ತದೆ ಅಂತ ಹೆದರುವವರಿದ್ದಾರೆ. ಹಸಿ ಅಡಿಕೆ ಕೊಯ್ದರೆ ಅರ್ಧ ಗಂಟೆಯಲ್ಲಿ ಅಲಗು ಕರಿ-ನೀಲಿ. ಅದು ತುಕ್ಕಲ್ಲ. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಆದ ಕಪ್ಪು. ಹಿಂದಿನವರ ಶಾಯಿಯ ಕಪ್ಪೂ ಹೀಗೇ ಬರುತ್ತಿತ್ತು. ಒರೆಸಿ ಇಟ್ಟರಾಯಿತು, ತಿಕ್ಕಿ ತೆಗೆಯಬೇಕಾಗಿಲ್ಲ. ಒಂದೇ ಎಚ್ಚರ: ಆ ಅಲಗಿನಲ್ಲಿ ಮಾವಿನಕಾಯಿ ಕೊಯ್ದರೆ ಕಬ್ಬಿಣದ ರುಚಿ ಬರುತ್ತದೆ.

ಘಟ್ಟ ಇಳಿದರೆ ಲೆಕ್ಕ ಬೇರೆ. ಕಾರವಾರ, ಕುಮಟಾ ಕಡೆ ಗಾಳಿಯಲ್ಲೇ ಉಪ್ಪು. ಅಲ್ಲಿ ಸ್ಟೇನ್‌ಲೆಸ್ಸೇ ಸರಿ. ಉಕ್ಕಿನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇದ್ದರೆ ಮೇಲೆ ತೆಳ್ಳಗಿನ ಪೊರೆ ಕಟ್ಟಿ ತುಕ್ಕು ತಡೆಯುತ್ತದೆ. ಉಪ್ಪಿನ ಕ್ಲೋರೈಡ್ ಆ ಪೊರೆಯನ್ನೂ ಅಲ್ಲಲ್ಲಿ ತೂತು ಮಾಡಿ ಸಣ್ಣ ಗುಳಿ ಬೀಳಿಸುತ್ತದೆ. ಹಾಗಾಗಿ ಮೀನು ಕೊಯ್ದ ಮೇಲೆ ಸಿಹಿ ನೀರಲ್ಲಿ ತೊಳೆಯದೆ ಮಡಚಬೇಡಿ. ಇದಕ್ಕೂ ದುಬಾರಿಯದ್ದೇ ಬೇಕೆಂದಿಲ್ಲ. ಫ್ರಾನ್ಸಿನ ಒಪಿನೆಲ್ ಕಂಪನಿ 1890ರಿಂದ ಬಂದ ಅದೇ ಮಾದರಿಯನ್ನು ಕಾರ್ಬನ್, ಸ್ಟೇನ್‌ಲೆಸ್ ಎರಡರಲ್ಲೂ ಮಾಡುತ್ತದೆ. ಸಮುದ್ರದ ಕೆಲಸಕ್ಕೆಂದೇ ಎಚ್1 ಅನ್ನುವ ಉಕ್ಕಿದೆ. ಅದರಲ್ಲಿ ಇಂಗಾಲ ತೀರಾ ಕಡಿಮೆ. ದೋಣಿಯಲ್ಲೇ ಇರುವವರು ಬೇಕಾದರೆ ನೋಡಲಿ.

ನಿಮ್ಮ ಅಪ್ಪಯ್ಯನ ಚೂರಿ ಅಟ್ಟದಿಂದ ಇಳಿಸಿ. ಅಲಗು ಬೆಳಕಿಗೆ ಹಿಡಿದು ನೋಡಿ. ತುಕ್ಕು ಬರೀ ಮೇಲುಮೇಲಿನದ್ದಾದರೆ ಒಳಗಿನ ಉಕ್ಕು ಚೆನ್ನಾಗಿಯೇ ಇರುತ್ತದೆ. ಹಳೆ ರಿವೆಟ್ ತೆಗೆಸಿ ಹಿತ್ತಾಳೆ ಪಿನ್ನು, ಎರಡು ಬ್ರಾಂಜ್ ವಾಷರ್ ಹಾಕಿಸಿ. ಮರದ ಹಿಡಿ ಸೀಳಿದ್ದರೆ ವಿದ್ಯುತ್ ಸಾಮಾನಿನ ಅಂಗಡಿಯಿಂದ ಹೊಸ ಹೈಲಂ ತುಂಡು ತಂದು ಅದೇ ಆಕಾರಕ್ಕೆ ಉಜ್ಜಿಸಿ. ಉಜ್ಜುವವರಿಗೆ ಮೂಗಿಗೆ ಮಾಸ್ಕ್ ಹಾಕಿಕೊಳ್ಳಲು ಹೇಳಿ, ಅದರ ಧೂಳು ಎದೆಗೆ ಒಳ್ಳೆಯದಲ್ಲ.